ಏಳನೇ ಪುಟಕ್ಕೂ ಸೀಲ್ ಬಿತ್ತು

ಆ ಏಳನೇ ಪುಟವನ್ನು ನಾನು ಓದಿಯೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದ್ದರೆ ಕೊಡುತ್ತಿದ್ದೆನಾ? ಅದೂ ಅವ್ವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು?

ಈಗ ರಾತ್ರಿ ಒಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಇಲ್ಲಾ ಮಲಗಿದ ಹಾಗೆ ಮಾಡುತ್ತಿದ್ದಾರೆ. ನನಗೆ ಕಣ್ಣು ಮುಚ್ಚಿದರೆ ಆ ಟೈಪ್ ಮಾಡುವ ಹುಡುಗಿಯ ಬೆರಳು ಕಾಣುತ್ತವೆ. ಕೀಬೋರ್ಡ್ ಮೇಲೆ ಹಾಗೇ ನಿಂತುಬಿಟ್ಟಿದ್ದವಲ್ಲ, ಆ ಬೆರಳು.

ನಾನು ಕೆಲಸ ಮಾಡುವ ಬ್ರಿಟನ್ನಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಲು ವೀಸಾ ಬೇಕು. ಅದಕ್ಕೆ ನನ್ನ ಮದುವೆ ಖರೇ ಮದುವೆ ಅಂತ ನಾನು ತೋರಿಸಬೇಕಂತೆ. ಬ್ರಿಟನ್ನಿನಲ್ಲಿ ಯಾವುದೋ ಮೇಜಿನ ಹಿಂದೆ ಕೂತ, ನಾನು ಮುಖ ಸಹ ನೋಡದ ಒಬ್ಬ ಅಧಿಕಾರಿಗೆ. ಗದಗಿನಲ್ಲಿ 900 ಜನ ಗೋಧಿ ಹುಗ್ಗಿ ಉಂಡು ಹೋದರು. ಅವರಲ್ಲಿ ಅರ್ಧ ಜನ ಯಾರು ಅಂತ ನನಗೇ ಗೊತ್ತಿಲ್ಲ. ಆದರೂ ಒಬ್ಬರೂ "ಇದು ಖರೇ ಮದುವಿ ಹೌದಲ್ಲಪಾ?" ಅಂತ ಕೇಳಲಿಲ್ಲ. ನೋಂದಣಿ ಸರ್ಟಿಫಿಕೇಟ್ ಇದೆ. ಅದು ಮದುವೆ ಆಗಿದೆ ಅನ್ನುವುದಕ್ಕಷ್ಟೇ ಸಾಕ್ಷಿಯಂತೆ. ಗಂಡ ಹೆಂಡತಿಯ ಹಾಗೆ ಇದ್ದೀರಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಂತೆ. ಮದುವೆಯಾಗಿ 14 ತಿಂಗಳು. ಇಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು 41 ದಿನ. ಹೇಗೆ ಇರೋಣ ಸ್ವಾಮಿ? ವೀಸಾ ಕೊಡಿ, ಇದ್ದು ತೋರಿಸುತ್ತೇವೆ.

ಇದರಲ್ಲಿ ಇನ್ನೊಂದು ಮಜಾ ಇದೆ. "ಮೊದಲ ಸೆಟ್ಲ್ ಆಗು, ಆಮ್ಯಾಲ ಮದುವಿ" ಅಂತ ಅಪ್ಪ ಐದು ವರ್ಷ ಹೇಳಿದರು. ನಾನು ಒಳ್ಳೆ ಮಗನ ಹಾಗೆ ಸೆಟ್ಲ್ ಆದೆ. ಸರ್ಕಾರಿ ಕಾಗದದಲ್ಲೇ ಸೆಟ್ಲ್ ಆದೆ, ಅಲ್ಲಿ ಕಾಯಂ ಇರಲು ಅನುಮತಿ ಕೊಡುವ ಐಎಲ್‌ಆರ್ ಬಂತು. ಆಮೇಲೆ ಮದುವೆ. ಅದಕ್ಕೂ ಮುಂಚೆ, ಬರೀ ವರ್ಕ್ ವೀಸಾದಲ್ಲಿ ಇದ್ದಾಗಲೇ ಮದುವೆಯಾಗಿದ್ದರೆ ಅವಳು ಡಿಪೆಂಡೆಂಟ್ ಅಂತ ಬರುತ್ತಿದ್ದಳು, ವರ್ಷಕ್ಕೆ ಕನಿಷ್ಠ 29,000 ಪೌಂಡ್ ಸಂಬಳ ತೋರಿಸುವ ಈ ಲೆಕ್ಕವೇ ಇರುತ್ತಿರಲಿಲ್ಲ. ಸೆಟ್ಲ್ ಆದವನಿಗೆ ಈ ಲೆಕ್ಕ. ಅದೂ 2024ರ ಏಪ್ರಿಲ್ ತನಕ 18,600 ಇತ್ತು, ಒಂದೇ ಏಟಿಗೆ ಏರಿಸಿದರು. ಆರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡೂ ಒಂದಕ್ಕೊಂದು ತಾಳೆ ಆಗಬೇಕು. ಆರೋಗ್ಯದ ಸರ್ಚಾರ್ಜ್ ವರ್ಷಕ್ಕೆ 1,035 ಪೌಂಡ್. ವೀಸಾ ಕೊಡುವುದು 33 ತಿಂಗಳಿಗೆ, ದುಡ್ಡು ಮಾತ್ರ ಪೂರ್ತಿ ಮೂರು ವರ್ಷದ್ದು, 3,105. ಅರ್ಜಿ ಫೀ ಬೇರೆ. ಟಿಬಿ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಬಿ.ಎಸ್ಸಿ. ಮುಗಿಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು ತನಗೆ ಇಂಗ್ಲಿಷ್ ಬರುತ್ತದೆ ಅಂತ ಬೇರೆ ತೋರಿಸಬೇಕು. ಇರಲಿ. ದುಡ್ಡಿನ ಸಂಕಟ ಅಲ್ಲ ಇವತ್ತಿನದು.

ಫೋಟೊ ಹಾಕೋಣ ಅಂದರೆ ಆಲ್ಬಂ ತುಂಬ ಜನ. ನಾವಿಬ್ಬರೇ ಇರುವ ಫೋಟೊ ಹುಡುಕಿದರೆ ನಡುವೆ ಯಾವುದೋ ಸೋದರಮಾವನ ಪೇಟ. ಆಗ ಫೋನಿನಲ್ಲಿ ಸಲಹೆ ಕೊಡುವ ಪುಣ್ಯಾತ್ಮರೊಬ್ಬರು, ನನ್ನಿಂದ ದುಡ್ಡು ತೆಗೆದುಕೊಂಡೇ, ಹೇಳಿದರು: "ವಾಟ್ಸಾಪ್ ಚಾಟ್ ಹಾಕಿ ಸರ್, ಕೇಸ್ ಸ್ಟ್ರಾಂಗ್ ಆಗುತ್ತೆ." ಹಾಕಿದೆ. ನಾವು ಬರೆಯುವುದು ಕನ್ನಡ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಅಕ್ಷರ ಇಂಗ್ಲಿಷೇ ಅಲ್ವಾ, ಸಾಕಲ್ವಾ ಅಂತ ಕೇಳಿದೆ. ಆಗಲ್ಲವಂತೆ. ಇಂಗ್ಲಿಷ್ ಅಥವಾ ವೆಲ್ಶ್ ಭಾಷೆಯಲ್ಲಿ ಇಲ್ಲದ ಕಾಗದಕ್ಕೆಲ್ಲ ಪೂರ್ತಿ ಅನುವಾದ ಬೇಕು. ಅನುವಾದ ಮಾಡಿದವರು 'ಇದು ಸರಿಯಾದ ಅನುವಾದ' ಅಂತ ಬರೆದು, ಹೆಸರು, ತಾರೀಖು ಹಾಕಿ ಸಹಿ ಮಾಡಬೇಕು. ವೆಲ್ಶ್ ಆದರೂ ನಡೆಯುತ್ತದೆ, ನಮ್ಮದು ನಡೆಯಲ್ಲ. ಹುಬ್ಬಳ್ಳಿಯಲ್ಲಿ ವೆಲ್ಶ್ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ.

ಹಾಗಾಗಿ ಇವತ್ತು ಧಾರವಾಡ. ಭಾನುವಾರ ಬೀಗರು ಬರುತ್ತಾರೆ, ಲೈನ್ ಬಜಾರದ ಫೇಡೆ ತರೋಣ ಅಂತ ಅವ್ವನೂ ಹೊರಟಳು. ನಾನೇ ಬಾ ಅಂದೆ. ಹೌದು, ನಾನೇ.

ಕೋರ್ಟಿನ ಆಸುಪಾಸು, ಮಾಳಿಗೆ ಮೇಲೆ ಒಂದು ಕೋಣೆ. ಅನುವಾದ ಮಾಡುವವರು ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಕೆಟ್ಟವರಲ್ಲ. ಅದೇ ಕಷ್ಟ ನೋಡಿ. ಕೆಟ್ಟವರಾಗಿದ್ದರೆ ಜಗಳ ಆಡಿ ಎದ್ದು ಬರಬಹುದಿತ್ತು. ಅವರು ಒಂದೊಂದೇ ಸಾಲು ದೊಡ್ಡ ದನಿಯಲ್ಲಿ ಓದುತ್ತಾರೆ, ಇಂಗ್ಲಿಷ್‌ನಲ್ಲಿ ಹೇಳುತ್ತಾರೆ, ಹುಡುಗಿ ಟೈಪ್ ಮಾಡುತ್ತಾಳೆ. ಬೆಂಚಿನ ಮೇಲೆ ಹೊಲದ ಉತಾರ ಹಿಡಿದ ಒಬ್ಬ ಯಜಮಾನರು, ಮಾರ್ಕ್ಸ್ ಕಾರ್ಡ್ ಹಿಡಿದ ಒಬ್ಬ ಹುಡುಗ. ಎಲ್ಲರಿಗೂ ಕಿವಿ ಇದ್ದವು.

ಮೊದಲು ಲಗ್ನಪತ್ರಿಕೆ. 'ಚಿ.ಕುಂ.ಸೌ.' ಅನ್ನುವಲ್ಲಿ ಐದು ನಿಮಿಷ ತಡೆದರು. ಕಡೆಗೆ ಹುಡುಗಿಗೆ "ಇದಕ್ಕ ಇಂಗ್ಲಿಷ್‌ನ್ಯಾಗ ಏನೂ ಇಲ್ಲವಾ, ಮಿಸ್ ಅಂತ ಹಾಕು" ಅಂದರು. ಅವ್ವ ನಕ್ಕಳು. ಅವಳಿಗೆ ಅಲ್ಲಿಯ ತನಕ ಎಲ್ಲ ಖುಷಿಯೇ.

ಆಮೇಲೆ ಚಾಟ್. "ಊಟ ಆತೇನ್ರೀ?" "ಆತು. ನಿಂದು?" "ಆತು." ಮೂರು ಪುಟ ಇದೇ. ಉತಾರದ ಯಜಮಾನರು "ದಿನಾ ಉಂಡಾರ ನೋಡ್ರಿ, ತಪ್ಪಿಸಿಲ್ಲ" ಅಂದರು. ನಾಲ್ಕನೇ ಪುಟದಲ್ಲಿ ಅವಳು ಬರೀ "ಹ್ಞೂಂ" ಅಂತ ಬರೆದಿದ್ದಳು. ಅನುವಾದದವರು ತಲೆ ಎತ್ತಿದರು. "ಇದು ಹೌದು ಅನ್ನೂ ಹ್ಞೂಂ ಏನ್ರೀ, ಸಿಟ್ಟಿನ ಹ್ಞೂಂ ಏನ್ರೀ?" ಹೌದು ಅನ್ನೋದ್ರೀ ಅಂದೆ. ಅವ್ವ ಪಕ್ಕದಿಂದ, "ಅಲ್ರೀ, ಸಿಟ್ಟಿಂದ ಇರಬೇಕದು" ಅಂದಳು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಮೂರ್ಖ.

ಏಳನೇ ಪುಟ.

ಹೆಂಡತಿ ಬರೆದದ್ದು: "ಅತ್ತಿಯವರು ಇವತ್ತೂ ನನ್ನ ರೊಟ್ಟಿ ನೋಡಿ ನಕ್ಕರು. ಇದ್ಯಾವ ದೇಶದ ನಕಾಶಿ ಅಂದ್ರು." ಅವರು ಓದುತ್ತಾ ಹೋದರು. ಪಾಪ, ಓದುವುದೇ ಅವರ ಕೆಲಸ. ಇಷ್ಟಕ್ಕೇ ನಿಂತಿದ್ದರೆ ಅವ್ವನೂ ನಗುತ್ತಿದ್ದಳೇನೋ. ಆ ಮಾತು ಅವಳು ಅಂದದ್ದೇ, ಅವಳೇನು ಅಲ್ಲ ಅನ್ನುತ್ತಿರಲಿಲ್ಲ. ಅದರ ಕೆಳಗೆ ನನ್ನ ಉತ್ತರ ಇತ್ತು.

"ಅವ್ವಂದು ಇದ್ದದ್ದ. ಈ ಕಿವೀಲೆ ಕೇಳು, ಆ ಕಿವೀಲೆ ಬಿಡು."

ದೊಡ್ಡ ದನಿಯಲ್ಲಿ. ನನ್ನ ಮಾತು. ಧಾರವಾಡದ ಒಬ್ಬ ಹಿರಿಯರ ಬಾಯಲ್ಲಿ, ಸ್ಪಷ್ಟ ಉಚ್ಚಾರದಲ್ಲಿ.

ಓದಿ ಮುಗಿದ ಮೇಲೆ ಅವರಿಗೆ ತಿಳಿಯಿತು. ಕನ್ನಡಕದ ಮೇಲಿಂದ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. ಹುಡುಗಿಯ ಬೆರಳು ನಿಂತವು. ಉತಾರದ ಯಜಮಾನರು ಉತಾರ ಓದತೊಡಗಿದರು. ನಾನು, "ಸರ್, ಈ ಎರಡು ಸಾಲು ಬಿಡ್ರಿ" ಅಂದೆ. ಅವರು ಮೆಲ್ಲಗೆ, "ಪೂರ್ತಿ ಹಾಕಬೇಕಾಗ್ತದ್ರೀ. ಬಿಟ್ಟು ಸರಿ ಐತಿ ಅಂತ ಸಹಿ ಮಾಡಾಕ ಬರಂಗಿಲ್ಲ" ಅಂದರು. ಆಮೇಲೆ ಇನ್ನೂ ಮೆಲ್ಲಗೆ: "'ಇದ್ದದ್ದ' ಅನ್ನೂದಕ್ಕ 'ಆಲ್ವೇಸ್' ಅಂತ ಹಾಕಿದ್ರ ನಡೀತದಲ್ರೀ?"

ಏನು ಹೇಳಲಿ? ನಡೀತದ್ರೀ ಅಂದೆ.

ಅವ್ವ ಒಂದು ಮಾತೂ ಆಡಲಿಲ್ಲ. ಹನ್ನೊಂದು ಪುಟ ಮುಗಿದವು, ಪ್ರತಿ ಪುಟಕ್ಕೂ ಟಪ್ ಟಪ್ ಅಂತ ಸೀಲ್ ಬಿತ್ತು. ಪುಟಕ್ಕೆ 300. ಮುಂಗಡ ಕೊಟ್ಟು 800 ಬಾಕಿ ಇತ್ತು. ನಾನು ಫೋನ್ ತೆಗೆದು ಸ್ಕ್ಯಾನ್ ಮಾಡುವಷ್ಟರಲ್ಲಿ ಅವ್ವ ಸಂಚಿ ಬಿಚ್ಚಿದಳು. ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ ಎಣಿಸಿದಳು. 200ರ ನೋಟು ಮೂರು, 100ರ ನೋಟು ಎರಡು. ಮೇಜಿನ ಮೇಲೆ ಇಟ್ಟಳು. ಅದು ಫೇಡೆಯ ದುಡ್ಡು.

ಫೇಡೆ ತರಲಿಲ್ಲ. ಚಿಗರಿ ಬಸ್ಸಿನಲ್ಲಿ ಅವ್ವ ಮುಂದಿನ ಸೀಟು, ನಾನು ಹಿಂದೆ. ನವನಗರ ದಾಟಿತು, ಉಣಕಲ್ ಕೆರೆ ಬಂತು, ಹಿಂದೆ ತಿರುಗಿ ನೋಡಲಿಲ್ಲ. ನನ್ನ ತೊಡೆಯ ಮೇಲೆ ಫೈಲು.

ಯಾರನ್ನು ಬೈಯಲಿ ಹೇಳಿ. ಸಲಹೆ ಕೊಟ್ಟವರನ್ನಾ? ಚಾಟ್ ಹಾಕಲೇಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ನಾನೇ ಆಮೇಲೆ ಕೂತು ಓದಿದೆ. ಮೊದಲು ಓದಬೇಕಿತ್ತು. ನಿಯಮ ಮಾಡಿದವರನ್ನಾ? ದುಡ್ಡಿಗೆ ಸುಳ್ಳು ಮದುವೆ ಮಾಡಿಸುವವರೂ ಇದ್ದಾರೆ, ಅವರು ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲ, ತಪ್ಪಿದೆ. ಕಂಡವರ ಸಲುವಾಗಿ ನಾನ್ಯಾಕೆ ನನ್ನ ಹೆಂಡತಿಯ ಹ್ಞೂಂಗೆ ಅರ್ಥ ಹೇಳಬೇಕು? ನಾವು ದಿನಾ ಒಂದು ತಾಸು ಫೋನಿನಲ್ಲಿ ಮಾತಾಡುತ್ತೇವೆ. ಒಳ್ಳೆಯ ಮಾತೆಲ್ಲ ಅದರಲ್ಲೇ ಹೋಯಿತು, ಒಂದೂ ಉಳಿದಿಲ್ಲ. ಬರೆದಿಟ್ಟದ್ದು ಊಟ ಮತ್ತು ಚಾಡಿ. ಮೂರು ಸಾವಿರ ಮೆಸೇಜಿನಲ್ಲಿ ನಾನು ಆರಿಸಿದ್ದು ಹನ್ನೊಂದು ಪುಟ. ಆರಿಸಿದ್ದು ಅಂದರೆ ಏನು, ತಿಂಗಳಿಗೆ ಒಂದು ಅಂತ ಕಣ್ಣು ಮುಚ್ಚಿ ತೆಗೆದದ್ದು. ಕಂಪ್ಯೂಟರ್ ಕೆಲಸದವನು ನಾನು. ದಿನವಿಡೀ ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಇದೇ ದಾರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ಏಳನೇ ಪುಟ ತೆಗೆದುಬಿಟ್ಟರೆ ಏನಾಗುತ್ತದೆ? 1ರಿಂದ 11 ಅಂತ ಸೀಲ್ ಮೇಲೆಯೇ ಬರೆದಿದ್ದಾರೆ. ಆರಾದ ಮೇಲೆ ಎಂಟು ಬಂದರೆ ಅನುಮಾನ ಪಡುತ್ತಾರಾ? ಇಡೀ ಚಾಟೇ ಬಿಟ್ಟರೆ ನಡೆಯುತ್ತದಾ? ಸುಮ್ನೆ ಸಮಾಧಾನ ಹೇಳಬೇಡಿ, ಗೊತ್ತಿದ್ದರೆ ಹೇಳಿ. ನನ್ನ ರಜೆ ಇನ್ನು ಆರೇ ದಿನ.

ಒಂದು ಕಡೆ ಅನ್ನಿಸುತ್ತದೆ, ಆ ಅಧಿಕಾರಿಗೆ ಏಳನೇ ಪುಟ ಒಂದೇ ಸಾಕು. ಸುಳ್ಳು ಮದುವೆಯಲ್ಲಿ ಅತ್ತೆಯ ಮೇಲೆ ಯಾರು ಚಾಡಿ ಹೇಳುತ್ತಾರೆ?

ಹೆಂಡತಿಗೆ ಇನ್ನೂ ಹೇಳಿಲ್ಲ. ಬಂದ ಕೂಡಲೇ "ಫೇಡೆ ಎಲ್ರೀ?" ಅಂತ ಕೇಳಿದಳು. ಅಂಗಡಿ ಬಂದ್ ಇತ್ತು ಅಂದೆ. ಅವ್ವ ಕೇಳಿಸಿಕೊಂಡೂ ಸುಮ್ಮನಿದ್ದಳು. ರಾತ್ರಿ ರೊಟ್ಟಿ ಇವಳೇ ಬಡಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚು ಎಲ್ಲ ಸೀಳಿತ್ತು. ಅವ್ವ ಎರಡು ಹಾಕಿಸಿಕೊಂಡು ಸದ್ದಿಲ್ಲದೆ ಉಂಡಳು.

ನಾನು ತಟ್ಟೆ ತೊಳೆಯಲು ಹೋದಾಗ ಹಿಂದೆ ಬಂದು ನಿಂತಳು. "ಆ ಸಾಹೇಬ್ರು ಅದನ್ನ ಇಂಗ್ಲಿಷ್‌ನ್ಯಾಗ ಏನಂತ ಬರದ್ರೋ?"

"ನಮ್ಮವ್ವ ಯಾವಾಗ್ಲೂ ಭಾಳ ಮಾಡ್ತಾಳ ಅಂತ ಬರದಾರವಾ."

"ಹ್ಞೂಂ" ಅಂದಳು ಅವ್ವ.