ಗೆದ್ದವರು ಯಾರು, ದೋಸೆ ಕೊಡಿಸೋರು ಯಾರು?

ಓಟು ಹಾಕಿಸಿಕೊಂಡು, ಫಲಿತಾಂಶಕ್ಕೆ ನಾಲ್ಕು ವಾರ ಕಾಯಿಸಿದರೆ ಮನೆಯಲ್ಲಿ ಜಗಳ ಆಗದೇ ಇರುತ್ತಾ? 2024ರ ಲೋಕಸಭಾ ಚುನಾವಣೆಯಲ್ಲಿ ಆಗಿದ್ದು ಅದೇ. ದಾವಣಗೆರೆಯಲ್ಲಿ ನಾವು ಓಟು ಹಾಕಿದ್ದು ಮೇ 7ಕ್ಕೆ. ಎಣಿಕೆ ಜೂನ್ 4ಕ್ಕೆ. ಅಷ್ಟರಲ್ಲಿ ನನ್ನ ಎಡಗೈ ತೋರುಬೆರಳಿನ ಚರ್ಮದ ಮೇಲಿದ್ದ ಶಾಯಿ ಪೂರ್ತಿ ಹೋಗಿತ್ತು. ಉಗುರಿನ ಮೇಲಿದ್ದದ್ದು ಮಾತ್ರ ಗಟ್ಟಿಯಾಗಿ ಕೂತಿತ್ತು. ಆದರೆ ಉಗುರು ಬೆಳೀತಲ್ಲ, ಬುಡದಲ್ಲಿ ಹೊಸ ಉಗುರು ಬಂದು ಕಪ್ಪು ಗೆರೆಯನ್ನು ಮೇಲಕ್ಕೆ ತಳ್ಳಿತ್ತು. ಮೈಸೂರಿನ ಶಾಯಿಗೆ ಇರುವ ತಾಳ್ಮೆ ನಮ್ಮ ಮಾವನವರಿಗೆ ಇರಲಿಲ್ಲ.

ಮಾವ ಬಿಜೆಪಿ. ಎದುರುಮನೆಯ ನಿವೃತ್ತ ಮೇಷ್ಟ್ರು ಕಾಂಗ್ರೆಸ್. ಇಬ್ಬರೂ ಬೆಳಗ್ಗೆ ಕುಂದುವಾಡ ಕೆರೆ ದಂಡೆ ಮೇಲೆ ಒಟ್ಟಿಗೇ ವಾಕಿಂಗ್ ಹೋಗ್ತಾರೆ, ಬೇರೆ ಬೇರೆಯಾಗಿ ಸಿಟ್ಟು ಮಾಡಿಕೊಂಡು ವಾಪಸ್ ಬರ್ತಾರೆ. ಇಬ್ಬರಿಗೂ ನನ್ನ ಓಟು ತಮ್ಮ ಕಡೆಗೇ ಬಿದ್ದಿದೆ ಅನ್ನೋ ನಂಬಿಕೆ. ಅದನ್ನು ನಾನು ಕೆಡಿಸಲು ಹೋಗಿಲ್ಲ. ಗುಪ್ತ ಮತದಾನ ಅಂತ ಸುಮ್ನೆ ಇಟ್ಟಿದ್ದಾರಾ?

ಮೇ ತಿಂಗಳ ಕೊನೆಯಲ್ಲಿ ಇಬ್ಬರೂ ಪಂದ್ಯ ಕಟ್ಟಿದರು. ಬಿಜೆಪಿಯ ಮೈತ್ರಿಕೂಟ ಎನ್‌ಡಿಎ 400 ಸೀಟು ದಾಟಿದರೆ ಮೇಷ್ಟ್ರು ಎರಡೂ ಮನೆಯವರಿಗೆ ಬೆಣ್ಣೆ ದೋಸೆ ಕೊಡಿಸಬೇಕು. ಸರ್ಕಾರ ಬದಲಾದರೆ ಮಾವ ಕೊಡಿಸಬೇಕು. ಇಬ್ಬರೂ ಒಪ್ಪುವ ಅಂಪೈರ್ ನಾನೊಬ್ಬಳೇ. ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. "ಮಧ್ಯದಲ್ಲಿ ಎಲ್ಲಾದರೂ ನಿಂತರೆ?" ಅಂತ ಕೇಳಿದೆ. ಇಬ್ಬರೂ ನಕ್ಕರು. ಇಪ್ಪತ್ತೈದು ವರ್ಷದ ಮೇಲೆ ಇಬ್ಬರೂ ಒಂದೇ ಮಾತಿಗೆ ನಕ್ಕಿದ್ದನ್ನು ಇವತ್ತೇ ನೋಡಿದ್ದು ಅಂದರು ಅತ್ತೆ.

ಜೂನ್ 1ರ ಸಂಜೆ ಎಕ್ಸಿಟ್ ಪೋಲ್ ಬಂತು. ಹೆಚ್ಚಿನ ಚಾನೆಲ್‌ಗಳು ಎನ್‌ಡಿಎಗೆ 350ರ ಮೇಲೆ ಹಾಕಿದವು. ಒಂದೆರಡು 400ನ್ನೂ ದಾಟಿಸಿದವು. ಮಾವ ಮೇಷ್ಟ್ರಿಗೆ ಫೋನ್ ಮಾಡಿ, "ದೋಸೆಗೆ ಬೆಣ್ಣೆ ಜಾಸ್ತಿ ಹಾಕಿಸಿ" ಅಂದರು. ಮೇಷ್ಟ್ರು ಎರಡು ದಿನ ವಾಕಿಂಗಿಗೆ ಬರಲಿಲ್ಲ. ಮಂಡಿನೋವಂತೆ.

ಮಂಗಳವಾರ ಬೆಳಗ್ಗೆ 8ಕ್ಕೆ ಎಣಿಕೆ ಶುರುವಾಯಿತು. ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಟಿವಿ ಮುಂದೆ ಕೂತಿದ್ದರು. ಮೊದಲ ಒಂದು ಗಂಟೆ ಚೆನ್ನಾಗಿಯೇ ಇತ್ತು. ಆಮೇಲೆ ವಾರಾಣಸಿಯಲ್ಲಿ ಮೋದಿಯವರಿಗೇ ಹಿನ್ನಡೆ ಅಂತ ಬಂತು. ಮಾವ ಕಾಫಿ ಲೋಟ ಕೆಳಗಿಟ್ಟರು. ಮುಂದಿನ ಸುತ್ತುಗಳಲ್ಲಿ ಅದು ಸರಿಹೋಯಿತು, ಕಾಫಿ ಮಾತ್ರ ಆರಿಹೋಯಿತು. ಅಯೋಧ್ಯೆ ಇರುವ ಫೈಜಾಬಾದ್ ಕೈಬಿಡ್ತು ಅಂದಾಗ ಚಾನೆಲ್ ಬದಲಾಯಿಸಿದರು. ಅಲ್ಲೂ ಫೈಜಾಬಾದೇ. ಇನ್ನೊಂದಕ್ಕೆ ಹಾಕಿದರು, ಅಲ್ಲೂ ಅದೇ. ಕೊನೆಗೆ ಅಡುಗೆ ಚಾನೆಲ್ ಹಾಕಿ, ಮೆಂತ್ಯ ಪಲ್ಯ ಮಾಡುವುದನ್ನು ಪೂರ್ತಿ ನೋಡಿದರು.

ಇತ್ತ ನಮ್ಮ ಮನೆಯವರ ಮುಖ ನೋಡೋ ಹಾಗಿರಲಿಲ್ಲ. ರಾಜಕೀಯ ಅಂದರೆ ಎದ್ದು ಹೋಗುವ ಮನುಷ್ಯ ಅವತ್ತು ರಜೆ ಹಾಕಿ ಕೂತಿದ್ದರು. ಪೇಪರ್ ಅಡ್ಡ ಹಿಡಿದು, ಅದರೊಳಗೆ ಮೊಬೈಲ್ ಇಟ್ಟುಕೊಂಡು ನೋಡೋದು, ಹಣೆ ಒರೆಸಿಕೊಳ್ಳೋದು. ಅತ್ತೆಗೆ ಬಿಪಿ ಅನ್ನೋ ಅನುಮಾನ ಬಂದು ಮಜ್ಜಿಗೆ ತಂದರು. ಮಾವನಿಗೆ ಮಾತ್ರ ಕಣ್ಣಲ್ಲಿ ನೀರು ಬಂತು. "ನೋಡಿದೆಯೇನಮ್ಮಾ, ನನ್ನ ಮಗ ಬಾಯಿಬಿಟ್ಟು ಹೇಳಲ್ಲ. ಒಳಗೊಳಗೇ ನಮ್ಮ ಪಕ್ಷದವನೇ!"

ಸಂಜೆ ಹೊತ್ತಿಗೆ ಲೆಕ್ಕ ಒಂದು ಹದಕ್ಕೆ ಬಂತು. 543ರಲ್ಲಿ ಬೇಕಾದದ್ದು 272. ಬಿಜೆಪಿ 240ಕ್ಕೆ ನಿಂತಿತ್ತು, ಮಿತ್ರರನ್ನೆಲ್ಲ ಸೇರಿಸಿದರೆ 293. ಕಾಂಗ್ರೆಸ್ 52ರಿಂದ 99ಕ್ಕೆ ಏರಿತ್ತು. ದಾವಣಗೆರೆಯಲ್ಲಂತೂ ಕಾಲು ಶತಮಾನದ ನಂತರ ಕಾಂಗ್ರೆಸ್ ಗೆದ್ದಿತ್ತು. ಬೀದಿಯಲ್ಲಿ ಪಟಾಕಿಯೋ ಪಟಾಕಿ. ಗೆದ್ದ ಸರ್ಕಾರದ ಕಡೆಯವರು ಬಾಗಿಲು ಹಾಕಿಕೊಂಡು ಕೂತಿದ್ದರು. ದಿಲ್ಲಿಯಲ್ಲಿ ಸೋತವರು ಸಿಹಿ ಹಂಚುತ್ತಿದ್ದರು. ಇಂಥ ಫಲಿತಾಂಶಕ್ಕೆ ಯಾವ ಮುಖ ಹಾಕಬೇಕು ಅಂತ ಯಾರಿಗೂ ತಿಳಿಯಲಿಲ್ಲ.

ಮೇಷ್ಟ್ರು ಪೇಡದ ಡಬ್ಬಿ ಹಿಡಿದು ಬಂದರು. ಮಂಡಿನೋವು ವಾಸಿಯಾಗಿತ್ತು. ಮನೆಯಲ್ಲಿ ಸಕ್ಕರೆ ಬಂದ್ ಆಗಿರುವ ಮಾವ, ಪಕ್ಷ ಯಾವುದಾದರೇನು ಅಂತ ಎರಡು ಪೇಡ ತಿಂದರು. ಮೇಷ್ಟ್ರು ನಮ್ಮ ಮನೆಯವರ ಬೆನ್ನು ತಟ್ಟಿ, "ಬೇಜಾರು ಮಾಡ್ಕೋಬೇಡಪ್ಪಾ. ಐದು ವರ್ಷ ತಾನೇ, ಮತ್ತೆ ಮೇಲೆ ಬರುತ್ತೆ" ಅಂದರು.

"ಐದು ವರ್ಷ ಯಾರು ಕಾಯ್ತಾರೆ ಮೇಷ್ಟ್ರೇ? ನಾನು ಮಧ್ಯಾಹ್ನವೇ ಮಾರಿಬಿಟ್ಟೆ!"

ಮಾವನ ಕೈಯಲ್ಲಿದ್ದ ಮೂರನೇ ಪೇಡ ಅಲ್ಲೇ ನಿಂತಿತು. "ಏನನ್ನ ಮಾರಿದೆ?"

ಆಗ ಗೊತ್ತಾಗಿದ್ದು. ಎಕ್ಸಿಟ್ ಪೋಲ್ ನಂಬಿ ಸೋಮವಾರ ಷೇರು ಕೊಂಡಿದ್ದಾರೆ. ಅವತ್ತು ಸೆನ್ಸೆಕ್ಸ್ 2,500 ಅಂಶ ಏರಿತ್ತು. ಮಂಗಳವಾರ 4,390 ಅಂಶ ಬಿತ್ತು. ಬೀಳುವಾಗ ಹೆದರಿ ಮಾರಿದ್ದಾರೆ. ಶುಕ್ರವಾರ ಅದೇ ಸೆನ್ಸೆಕ್ಸ್ ಸೋಮವಾರದ ಮಟ್ಟವನ್ನೂ ದಾಟಿ ಹೋಯಿತು. ಆ ದಿನ ನಾನು ಅವರ ಹತ್ತಿರ ಮಾತೇ ಆಡಲಿಲ್ಲ. ಎಷ್ಟು ಹೋಯಿತು ಅಂತ ಇವತ್ತಿಗೂ ಹೇಳಿಲ್ಲ. ಅದೂ ಗುಪ್ತ ಮತದಾನವೇ.

ಇನ್ನು ದೋಸೆ ವಿಷಯ. ಅಂಪೈರ್ ಏನು ಮಾಡಬೇಕು? 400 ಆಗಿಲ್ಲ, ಸರ್ಕಾರವೂ ಬದಲಾಗಿಲ್ಲ. ಹಾಗಾದರೆ ಇಬ್ಬರೂ ಸೋತಿದ್ದೀರಿ, ಅರ್ಧರ್ಧ ಕೊಡಿ ಅಂದರು ಅತ್ತೆ. ಅಷ್ಟೇ ತಡ, ಅಲ್ಲಿವರೆಗೂ ಹರಳೆಣ್ಣೆ ಕುಡಿದವರ ಹಾಗೆ ಇದ್ದ ಮಾವ ಎದ್ದು ನಿಂತು, ಪ್ರಧಾನಿ ನಮ್ಮವರೇ ಆಗ್ತಿರುವಾಗ ಸೋಲು ಎಲ್ಲಿಂದ ಬಂತು ಅಂದರು. ಮೇಷ್ಟ್ರು, ಊರಿನ ಎಂಪಿ ಯಾರು ಅಂತ ಕೇಳಿದರು. ಅಷ್ಟೇ ಅಲ್ಲ, ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ಗೆದ್ದ ಪಕ್ಷೇತರ ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟ ಸುದ್ದಿಯ ಪೇಪರ್ ತುಣುಕು ತಂದು, "ನಮ್ದೂ ನೂರಾಯ್ತು" ಅಂತ ಮೇಜಿನ ಮೇಲಿಟ್ಟರು. ದುಡ್ಡು ಬಿಚ್ಚಬೇಕು ಅಂದ ಕೂಡಲೇ ಇಬ್ಬರೂ ಗೆದ್ದಿದ್ದರು!

ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ಈ ಚುನಾವಣೆಯಲ್ಲಿ ನಿಜವಾಗಿ ಸೋತವನು ನನ್ನ ಮಗ ಒಬ್ಬನೇ, ಅವನೇ ಕೊಡಿಸಲಿ. ನಮ್ಮ ಮನೆಯವರು ಕಮಕ್ ಕಿಮಕ್ ಅನ್ನಲಿಲ್ಲ.

ಭಾನುವಾರ, ದಿಲ್ಲಿಯಲ್ಲಿ ಪ್ರಮಾಣವಚನದ ದಿನವೇ, ಎಲ್ಲರೂ ಹೋಟೆಲ್‌ನಲ್ಲಿ ಕೂತೆವು. ದೋಸೆ ಮೇಲೆ ಬೆಣ್ಣೆ ಕರಗುವಷ್ಟರಲ್ಲಿ ಇಬ್ಬರದ್ದೂ ಶುರುವಾಯಿತು. ಮಿತ್ರಪಕ್ಷಗಳ ನಾಯ್ಡು, ನಿತೀಶ್ ಅವರನ್ನು ನಂಬಿಕೊಂಡ ಸರ್ಕಾರ ಐದು ವರ್ಷ ಇರಲ್ಲ ಅಂತ ಮೇಷ್ಟ್ರು, ಇದ್ದೇ ಇರುತ್ತೆ ಅಂತ ಮಾವ. ಪಂದ್ಯ ಅದೇ, ಬೆಣ್ಣೆ ದೋಸೆ. ಬರೆದುಕೋ ಅಂತ ಮಾವ ನನಗೆ ಪೆನ್ನು ಕೊಟ್ಟರು. ಬಿಲ್ಲಿನ ಹಿಂದೆ ಬರೆದೆ. ಮೇಷ್ಟ್ರು ಅದನ್ನು ತಿರುಗಿಸಿ ಮೊತ್ತ ನೋಡಿ, ವಾಪಸ್ ಕೊಟ್ಟರು.

"2029ರಲ್ಲಿ ಸೋತರೂ ಇವತ್ತಿನ ರೇಟಲ್ಲೇ ಕೊಡಿಸೋದು ಅಂತ ಸೇರಿಸಮ್ಮಾ."