ಸ್ಕಾಚ್ ಬಾಟಲಿಯ ಮುರುಗಲು

ಬೆಂಗಳೂರಿನ ನೆಂಟರು ಕಾರವಾರಕ್ಕೆ ಬಂದರೆ ಚೀಲ ಕೆಳಗಿಡುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: "ಇಲ್ಲಿಂದ ಗೋವಾ ಎಷ್ಟು ದೂರ?" ಎದುರಿಗೇ ಕಡಲಿದೆ, ಆಚೆ ಕಾಳಿ ನದಿ ಇದೆ, ಒಳಗೆ ಅವರಿಗೆಂದೇ ಮಾಡಿದ ಊಟ ಇದೆ. ಅದ್ಯಾವುದೂ ಲೆಕ್ಕಕ್ಕಿಲ್ಲ. ಗೋವಾಕ್ಕೆ ಹೋಗುವವರು ಕಾಲು ಒರೆಸಿಕೊಳ್ಳಲಿ ಅಂತ ಬಾಗಿಲಲ್ಲಿ ಹಾಸಿದ ಗೋಣಿತಾಟು ನಾವು.

ಮೊನ್ನೆ ಬಂದ ಅಕ್ಕನ ಮಗ ಇನ್ನೊಂದು ಹೆಜ್ಜೆ ಮುಂದೆ ಹೋದ. "ಮಾವ, ಗೋವಾ ಫೆನಿ ಥರ ಕಾರವಾರ ಫೆನಿ ಅಂತ ಇರತ್ತಲ್ವಾ? ಅದೇ ಸಿಕ್ಕಿದ್ರೆ ಸುಮ್ನೆ ಅಲ್ಲೀತನಕ ಯಾಕೆ ಹೋಗೋದು?"

ಇಲ್ಲ ಮಾರಾಯ ಅಂದೆ.

"ಯಾಕೆ, ಇಲ್ಲಿ ಗೇರು ಮರ ಇಲ್ವಾ?"

ಗೇರು ಮರ ಇಲ್ವಾ ಅಂತೆ! ಮಾಜಾಳಿಯಿಂದ ಭಟ್ಕಳದವರೆಗೆ ಗುಡ್ಡ ಗುಡ್ಡದಲ್ಲೂ ಗೇರು. ಏಪ್ರಿಲ್‌ನಲ್ಲಿ ಮರದ ಬುಡಕ್ಕೆ ಹೋದರೆ ಕೊಳೆತ ಹಣ್ಣಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ನಾವು ಬೀಜ ತಿರುಪಿ ಚೀಲಕ್ಕೆ ಹಾಕಿಕೊಂಡು ಹಣ್ಣನ್ನು ಅಲ್ಲೇ ಎಸೆದು ಬರುತ್ತೇವೆ. ದನ ತಿಂದರೆ ತಿಂದೀತು. ಗಡಿಯ ಪೋಳೆಂ ದಾಟಿ ಗೋವಾಕ್ಕೆ ಕಾಲಿಟ್ಟರೆ ಅದೇ ಹಣ್ಣನ್ನು ತುಳಿದು, ರಸವನ್ನು ಹುಳಿಯಲು ಬಿಟ್ಟು, ಒಮ್ಮೆ ಭಟ್ಟಿ ಇಳಿಸಿದರೆ ಉರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. 2009ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಈ ಹೆಸರು ಈ ಊರಿನ ಸರಕಿಗೆ ಮಾತ್ರ ಅನ್ನುವ ಮುದ್ರೆ, ಬಂತು. 2016ರಲ್ಲಿ ಗೋವಾ ಸರ್ಕಾರ ಅದನ್ನು ತನ್ನ ಪರಂಪರೆಯ ಪೇಯ ಅಂತ ಸಾರಿತು. ಗಡಿಯ ಈಚೆ ಯಾರಾದರೂ ಅದೇ ಹಣ್ಣು ತುಳಿದು ಒಲೆ ಹಚ್ಚಿದರೆ ಅಬಕಾರಿಯವರ ಜೀಪು ಬರುತ್ತದೆ, ಮರುದಿನ ಪೇಪರಿನಲ್ಲಿ 'ಕಳ್ಳಭಟ್ಟಿ' ಅಂತ ಬರುತ್ತದೆ. ಅಷ್ಟಕ್ಕೂ ಆ ಗೇರು ಗೋವಾದ್ದೇನಲ್ಲ. ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದ ಗಿಡ. ಹಕ್ಕು ಕೇಳುವುದೇ ಆದರೆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಬೇರೆಯೇ ಇದ್ದಾರೆ. ಇನ್ನೊಂದು ಮಾತು. ಟ್ಯಾಗ್ ಬಂದದ್ದು ಗೇರಿನ ಫೆನಿಗೆ ಮಾತ್ರ. ತೆಂಗಿನ ಫೆನಿ ಹೊರಗೇ ಉಳಿಯಿತು. ಗೋವಾದೊಳಗೇ ತೆಂಗಿನ ಮರಗಳು ಮುಖ ಊದಿಸಿಕೊಂಡು ನಿಂತಿರಬೇಕು.

ಈ ಹೆಸರುಗಳ ವ್ಯವಹಾರದಲ್ಲಿ ದೊಡ್ಡದೊಂದು ತತ್ವ ಅಡಗಿದೆ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ. ಅದನ್ನು ಹೇಳುವ ಮೊದಲು ಕುಮಟಾ ಮಾವನ ಬಾಟಲಿಯ ಕಥೆ ಹೇಳಿಬಿಡುತ್ತೇನೆ. (ನಾನು ಕುಡಿಯುತ್ತೇನೋ ಇಲ್ಲವೋ ಅನ್ನುವುದು ಇಲ್ಲಿ ಬೇಡ. ಇದನ್ನು ಹೆಂಡತಿಯ ತವರಿನವರೂ ಓದುತ್ತಾರೆ.)

ಮಾವನಿಗೆ ಹಡಗಿನಲ್ಲಿ ಕೆಲಸಕ್ಕಿದ್ದ ಪರಿಚಯದವರೊಬ್ಬರು ಎಂದೋ ಒಂದು ಸ್ಕಾಚ್ ಕೊಟ್ಟಿದ್ದರು. ಒಳಗಿದ್ದದ್ದು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ನಮ್ಮ ಮನೆತನದಲ್ಲಿ ಬೇರೆ ಬೇರೆ ವಾದಗಳಿವೆ. ಬಾಟಲಿಯಂತೂ ಉಳಿಯಿತು. ದಪ್ಪ ಗಾಜು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಅತ್ತೆ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ಲೇಬಲ್ ಕಿತ್ತು ಹಾಕಲು ಮಾತ್ರ ಮಾವ ಬಿಡಲಿಲ್ಲ. ಸ್ಕಾಟ್ಲೆಂಡ್, ಹನ್ನೆರಡು ವರ್ಷ ಅಂತೆಲ್ಲ ಬಂಗಾರದ ಅಕ್ಷರದಲ್ಲಿತ್ತು. ಅಷ್ಟು ಚೆಂದದ ಕಾಗದ ಕೀಳುವುದು ಹೇಗೆ ಅಂತ ಅವನ ವಾದ. ಅತ್ತೆ ಅದಕ್ಕೆ ಮುರುಗಲು (ಕೋಕಂ) ರಸ ತುಂಬಿದಳು. ಮುರುಗಲು ಸಿಪ್ಪೆಗೆ ಸಕ್ಕರೆ ಬೆರೆಸಿ, ಭರಣಿಯಲ್ಲಿ ಬಿಸಿಲಿಗಿಟ್ಟು ಇಳಿಸಿದ ಗಟ್ಟಿ ರಸ. ಇರುವೆ ಬಾರದ ಹಾಗೆ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬಾಟಲಿ ನಿಲ್ಲಿಸುತ್ತಿದ್ದಳು. ಮೂಲದ ಬಿರಡೆ ಕಳೆದು ಎಷ್ಟೋ ಕಾಲವಾಗಿತ್ತು. ಬಾಯಿಗೆ ಬಟ್ಟೆ ಸುತ್ತಿದ ಬೆಂಡು.

ಮಾವನ ಮಗಳನ್ನು ನೋಡಲು ಸಿದ್ದಾಪುರ ಕಡೆಯವರು ಬಂದರು. ಮೇ ತಿಂಗಳು. ಘಟ್ಟದ ಮೇಲಿನವರು ಘಟ್ಟ ಇಳಿದ ಕೂಡಲೇ ಬೆವರಲು ಶುರು ಮಾಡುತ್ತಾರೆ, ನಮ್ಮ ಸೆಕೆ ನಮ್ಮದೇ ತಪ್ಪು ಅನ್ನುವ ಹಾಗೆ ನಮ್ಮ ಮುಖ ನೋಡುತ್ತಾರೆ. ಹುಡುಗ, ಅವನ ಅಪ್ಪ ಅಮ್ಮ, ಅಜ್ಜಿ, ಜೊತೆಗೆ ಊರೂರು ತಿರುಗಿ ನೌಕರಿ ಮಾಡಿ ಬಂದ ಚಿಕ್ಕಪ್ಪ. ಎಲ್ಲರೂ ಜಗುಲಿಯಲ್ಲಿ ಬೀಸಣಿಗೆ ಹಿಡಿದು ಕೂತಾಗ ಅತ್ತೆ ಬಂದು "ಆಸ್ರಿಗೆ ಎಂತ ಕುಡಿತ್ರಿ?" ಅಂತ ಕೇಳಿದಳು. ತಂಪಾಗಿ ಏನಾದರೂ ಸಾಕು ಅಂದಿತು ಅಜ್ಜಿ. ಅತ್ತೆ ಒಳಗೆ ಹೋಗಿ ತಂಬಿಗೆ, ಸ್ಟೀಲ್ ಲೋಟ, ಆ ಬಾಟಲಿ ಹಿಡಿದುಕೊಂಡೇ ಬಂದಳು. ಎಲ್ಲರೆದುರು ಬೆಂಡು ತೆಗೆದು ಒಂದೊಂದು ಲೋಟಕ್ಕೆ ಎರಡೆರಡು ಬೆರಳು ಸುರಿದಳು.

ಚಿಕ್ಕಪ್ಪನ ಬೀಸಣಿಗೆ ನಿಂತಿತು. ಅವರು ಲೇಬಲ್ ನೋಡಿದರು, ಅತ್ತೆಯನ್ನು ನೋಡಿದರು, ಗೋಡೆಯ ಮೇಲಿನ ದೇವರ ಪಟಗಳನ್ನೂ ನೋಡಿದರು. ಘಟ್ಟದ ಕೆಳಗಿನವರು ಇಷ್ಟು ಮುಂದುವರಿದಿದ್ದಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬಣ್ಣ ಸ್ವಲ್ಪ ಜಾಸ್ತಿಯೇ ಕೆಂಪು, ನಿಜ. ಆದರೆ ಹನ್ನೆರಡು ವರ್ಷ ಇಟ್ಟದ್ದಲ್ವಾ, ಅಷ್ಟು ಕೆಂಪಾಗದೇ ಏನು? ಅತ್ತೆ ತಂಬಿಗೆ ಬಗ್ಗಿಸುವಷ್ಟರಲ್ಲಿ ಅವರು ಲೋಟದ ಮೇಲೆ ಅಂಗೈ ಮುಚ್ಚಿ, ತಗ್ಗಿದ ದನಿಯಲ್ಲಿ, "ನಂಗೆ ನೀರು ಬ್ಯಾಡ" ಅಂದರು. ಒಂದೇ ಗುಟುಕಿಗೆ ಎತ್ತಿದರು.

ನೀರು ಬೆರೆಸದ ಮುರುಗಲು ರಸ ಕುಡಿದವರಿಗೆ ಮಾತ್ರ ಮುಂದಿನದ್ದು ಗೊತ್ತು. ಒಂದು ಕಣ್ಣು ಮುಚ್ಚಿತು, ಇನ್ನೊಂದರಲ್ಲಿ ನೀರು ಬಂತು. ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ. ಅದರ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. "ತಮಾ, ಆ ಬಾಟ್ಲಿದು ನೀರು ಹಾಕದೇ ಕುಡಿಯದು ಅಂತ ನಿಂಗೆ ಹ್ಯಾಂಗೆ ಗೊತ್ತು?"

ಮದುವೆ ಆಯಿತು. ಆ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ ಅಂತ ಕೇಳಿದ್ದೇನೆ.

ಸ್ಕಾಚ್‌ನವರ ಕಾನೂನು ಓದಿದಾಗಲೆಲ್ಲ ನನಗೆ ಅತ್ತೆಯ ನೆನಪಾಗುತ್ತದೆ. ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಬೇಕು, ಅಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು, ಆ ಪೀಪಾಯಿ 700 ಲೀಟರ್ ಮೀರಬಾರದು, ನೀರು ಮತ್ತು ಕ್ಯಾರಮೆಲ್ ಬಣ್ಣ ಬಿಟ್ಟು ಬೇರೇನೂ ಸೇರಬಾರದು. ಅತ್ತೆ ಇದರಲ್ಲಿ ನೀರಿನ ವಿಷಯ ಒಂದನ್ನು ಪಾಲಿಸಿದ್ದಳು. ಸ್ಕಾಚ್ ವಿಸ್ಕಿ ಸಂಘದವರ ಕಣ್ಣಿಗೆ ಅವಳು ಬೀಳದೇ ಹೋದದ್ದು ಪುಣ್ಯ. ಅವರು ಕೆನಡಾದ ಮೂಲೆಯ ಗ್ಲೆನ್ ಬ್ರೆಟನ್ ಅನ್ನುವ ವಿಸ್ಕಿಯನ್ನೂ ಬಿಟ್ಟವರಲ್ಲ. 'ಗ್ಲೆನ್' ಅಂದರೆ ಜನ ಸ್ಕಾಚ್ ಅಂದುಕೊಳ್ಳುತ್ತಾರೆ ಅಂತ ತಕರಾರು. ಆ ಕೇಸು ಸೋತರು. ಗೆದ್ದ ಕೆನಡಾದವರು ಆ ಜಗಳದ ಹೆಸರಿನಲ್ಲೇ ಇನ್ನೊಂದು ವಿಸ್ಕಿ ಮಾಡಿ ಮಾರಿದರು.

ನಮ್ಮ ಬೆಂಗಳೂರಿನ ಖೋಡೆಯವರ ಪೀಟರ್ ಸ್ಕಾಟ್ ಮೇಲೂ ಬಂದಿದ್ದರು. 1968ರಿಂದ ಮಾರುತ್ತಿದ್ದ ವಿಸ್ಕಿ. ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರಲ್ಲಿ ಖೋಡೆಯವರೇ ಗೆದ್ದರು. ವಿಷಯ ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನೆ ಕೂತಿದ್ದು ಈಗ ಬಂದಿರಲ್ಲ ಅಂತ ಕೋರ್ಟು ಕೇಳಿತು. ಅದು ಸರಿ. ಆದರೆ ಸ್ಕಾಚ್ ಕೊಳ್ಳುವವರು ದುಡ್ಡಿನ ಬೆಲೆ ಬಲ್ಲವರು, ಎಲ್ಲಿಯದ್ದು, ಹೇಗೆ ಮಾಡಿದ್ದು ಅಂತ ತಿಳಿದವರು, ಹೆಸರು ನೋಡಿ ಮೋಸಹೋಗುವವರಲ್ಲ ಅನ್ನುವ ಅರ್ಥದ ಮಾತೂ ತೀರ್ಪಿನಲ್ಲಿದೆ. ಸಿದ್ದಾಪುರದ ಚಿಕ್ಕಪ್ಪ ಅಲ್ಲಿ ಸಾಕ್ಷಿಗೆ ನಿಂತಿದ್ದರೆ ಏನಾಗುತ್ತಿತ್ತೋ.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ನನಗೆ ಸ್ಕಾಟ್ಲೆಂಡಿನವರ ಮೇಲೆ ಸಿಟ್ಟಿಲ್ಲ. ಹೊಟ್ಟೆಕಿಚ್ಚಿದೆ. ಇಲ್ಲಿನ ಅಂಗಡಿಯ ಕಪಾಟು ನೋಡಿ. ಕೋಟೆ, ಮಂಜಿನ ಬೆಟ್ಟ, ಕವಲು ಕೊಂಬಿನ ಜಿಂಕೆ. ಒಳಗಿರುವುದು ಹೆಚ್ಚಾಗಿ ಕಬ್ಬಿನ ಕಾಕಂಬಿಯ ಸ್ಪಿರಿಟ್. ಯುರೋಪಿನಲ್ಲಿ ಅದನ್ನು ವಿಸ್ಕಿ ಅಂತ ಕರೆದು ಮಾರುವ ಹಾಗೇ ಇಲ್ಲ. ನಮ್ಮಲ್ಲಿ ಕೇಳುವವರಿಲ್ಲ. ಮದ್ಯಕ್ಕೆ ಊರಿನ ಹೆಸರು ಕೊಡುವ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ಮಾಡುತ್ತಿರುವವರು ಪೇಪರಿನವರು ಮಾತ್ರ. ಚೆಕ್‌ಪೋಸ್ಟಿನಲ್ಲಿ ಯಾವ ಬಾಟಲಿ ಸಿಕ್ಕಲಿ, ಯಾವ ದೇಶದ್ದೇ ಇರಲಿ, ಮರುದಿನ ಅದು 'ಅಕ್ರಮ ಗೋವಾ ಮದ್ಯ'.

ಹಾಗಂತ ನಮ್ಮ ಜಿಲ್ಲೆಗೆ ಟ್ಯಾಗ್ ಇಲ್ಲ ಅಂತಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ಸಿಕ್ಕಿತು. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ. ಸಿಕ್ಕಿ ಏನಾಯಿತು? ಸೀಸನ್ನಿನಲ್ಲಿ ಅಂಕೋಲೆ ಹೆದ್ದಾರಿಯಲ್ಲಿ ಹೋಗಿ, ಬುಟ್ಟಿಯಲ್ಲಿರುವ ಪ್ರತಿ ಹಣ್ಣೂ ಇಶಾಡೇ. ಬಿಳಿ ಇಶಾಡು ಕರಿ ಆಗುತ್ತದೆ, ಊರು ಹೆಸರಿಲ್ಲದ ಕಾಟು ಮಾವೂ ಅಲ್ಲಿಗೆ ಬಂದ ಕೂಡಲೇ ಮನೆತನ ಬದಲಿಸುತ್ತದೆ. ಸ್ಕಾಚ್ ಸಂಘದವರನ್ನು ಮೇ ತಿಂಗಳಲ್ಲಿ ಒಂದು ವಾರ ಅಂಕೋಲೆಗೆ ಕರೆಸಬೇಕು. ಊಟ, ವಸತಿ ನಾನು ನೋಡಿಕೊಳ್ಳುತ್ತೇನೆ. ಸೆಕೆ ತಡೆದುಕೊಳ್ಳುವುದು ಅವರ ಪಾಲು.

ಹೋದ ಸೀಸನ್ನಿನಲ್ಲಿ ಒಂದು ಬುಟ್ಟಿಯ ಎದುರು ನಿಂತು, "ಇದು ಕರಿ ಇಶಾಡು ಹೌದೇನಮ್ಮಾ?" ಅಂತ ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ದೇ ಮತ್ತೆಂತದು? ಚೀಲ ಹಿಡೀರಿ" ಅಂದಳು. ಹಿಡಿದೆ. ಬೆಲೆ ಮಾತ್ರ ಅಪ್ಪಟ ಕರಿ ಇಶಾಡಿನದ್ದೇ ಆಗಿತ್ತು. ಮನೆಗೆ ತಂದು ಹೆಚ್ಚಿದರೆ ಹುಳಿ ಹುಳಿ. ಹೆಂಡತಿ ಒಂದು ಮಾತೂ ಆಡದೆ ಬೆಲ್ಲದ ಡಬ್ಬಿ ಇಳಿಸಿ ಸಾಸಿವೆ ಗೊಜ್ಜು ಮಾಡಿದಳು. ಎರಡು ಹೊತ್ತಿಗೆ ಬಂತು.