ಕಚೇರಿಯ ತಿಳಿವಳಿಕೆ ಉಳಿಸಲು ಚೌಕಟ್ಟು ಬೇಕೇ?

ಪರ: ಕೇಳುವುದು ಯಾರದಾದರೂ ಕೆಲಸವಾಗಬೇಕು

ಒಬ್ಬ ನೌಕರ ನಿವೃತ್ತನಾದರೆ ಕಚೇರಿ ಏನೇನು ವಾಪಸ್ ಪಡೆಯುತ್ತದೆ? ಗುರುತಿನ ಚೀಟಿ, ಬೀಗದ ಕೈ, ಲ್ಯಾಪ್‌ಟಾಪ್, ಕಡತ. ಎಲ್ಲಕ್ಕೂ ಪಟ್ಟಿ ಇದೆ, ಸಹಿ ಇದೆ. ಅವನು ಜೀವಮಾನವಿಡೀ ಕಲಿತದ್ದಕ್ಕೆ ಮಾತ್ರ ಪಟ್ಟಿಯೂ ಇಲ್ಲ, ಕೇಳುವವರೂ ಇಲ್ಲ. ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಕಳಿಸಿಬಿಡುತ್ತೇವೆ. ಇದು ನಿಲ್ಲಬೇಕು. ಒಳ್ಳೆಯ ಮನಸ್ಸಿದ್ದರೆ ಸಾಲದು, ಅದಕ್ಕೊಂದು ಚೌಕಟ್ಟೇ ಬೇಕು.

ನಾನು ಒಂದು ಸಣ್ಣ ಊರಿನ ಕುಡಿಯುವ ನೀರಿನ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೆ. ಅಲ್ಲೊಬ್ಬ ಹಿರಿಯ ವಾಲ್ವ್‌ಮನ್ ಇದ್ದರು. ಯಾವ ಬೀದಿಗೆ ಯಾವ ವಾಲ್ವ್, ಅದನ್ನು ಎಷ್ಟು ಸುತ್ತು ತಿರುಗಿಸಬೇಕು, ಯಾವುದನ್ನು ಪೂರ್ತಿ ತೆಗೆದರೆ ಎಲ್ಲಿ ಪೈಪ್ ಒಡೆಯುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ಕಚೇರಿಯಲ್ಲಿ ನಕ್ಷೆಯೂ ಇತ್ತು. ಆದರೆ ಆಮೇಲೆ ಹಾಕಿದ ಲೈನ್‌ಗಳನ್ನು ಅದರಲ್ಲಿ ಯಾರೂ ಗುರುತು ಮಾಡಿರಲಿಲ್ಲ. ಅವರು ನಿವೃತ್ತರಾದ ವರ್ಷದ ಬೇಸಿಗೆಯಲ್ಲಿ ಎತ್ತರದ ಬಡಾವಣೆಗೆ ನೀರು ನಿಂತುಹೋಯಿತು. ಹೊಸದಾಗಿ ಬಂದ ಹುಡುಗ ಕಂಡ ಕಂಡ ವಾಲ್ವ್‌ಗಳನ್ನೆಲ್ಲ ತಿರುಗಿಸಿ ನೋಡಿದ. ಟ್ಯಾಂಕರ್ ತರಿಸಿದೆವು. ಕೊಡಗಳ ಸಾಲು ಬೆಳೆಯಿತು, ಜಗಳ ಶುರುವಾಯಿತು. ಹೊಸ ಪೈಪ್‌ಲೈನಿಗೆ ಅಂದಾಜು ಪಟ್ಟಿ ತಯಾರಿಸಿ ಎಂದು ಮೇಲಿನವರು ಹೇಳಿದರು. ಕೊನೆಗೆ ಆ ಹಿರಿಯರನ್ನೇ ಮನೆಯಿಂದ ಕರೆತಂದೆವು. ಅವರು ರಸ್ತೆ ಬದಿಯಲ್ಲಿ ಸ್ವಲ್ಪ ದೂರ ನಡೆದು, ಒಂದು ಕಡೆ ನಿಂತು, "ಇಲ್ಲಿ ಅಗೆಸಿ ಸಾರ್" ಅಂದರು. ಡಾಂಬರಿನ ಕೆಳಗೆ ಚೇಂಬರ್ ಇತ್ತು. ಒಳಗೆ ಅರ್ಧ ಮುಚ್ಚಿದ ವಾಲ್ವ್. ಸಂಜೆಗೆ ನೀರು ಬಂತು.

ಇಷ್ಟು ವರ್ಷ ಇದನ್ನು ಅವರು ಯಾಕೆ ಹೇಳಲಿಲ್ಲ ಅಂತ ಕೆಲವರು ಗೊಣಗಿದರು. ಅವರನ್ನು ಯಾರಾದರೂ ಕೇಳಿದ್ದರೇ? ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಚೌಕಟ್ಟು ಮಾಡುವುದು ಇಷ್ಟೇ: ಕೇಳುವುದನ್ನು ಒಬ್ಬರ ಕೆಲಸವಾಗಿಸುತ್ತದೆ.

ಇದೇನೂ ಗಾಳಿಮಾತಲ್ಲ. 2015ರಲ್ಲಿ ಪರಿಷ್ಕರಿಸಿದ ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಗುಣಮಟ್ಟದ ಮಾನದಂಡವೇ, ಕೆಲಸಕ್ಕೆ ಬೇಕಾದ ತಿಳಿವಳಿಕೆಯನ್ನು ಸಂಸ್ಥೆ ಗುರುತಿಸಿ ಉಳಿಸಿಕೊಳ್ಳಬೇಕು ಎನ್ನುತ್ತದೆ. 2018ರಲ್ಲಿ ಜ್ಞಾನ ನಿರ್ವಹಣೆಗೆಂದೇ ಐಎಸ್‌ಒ 30401 ಬಂತು. ಹೊಸದನ್ನು ಕಲಿಯುವುದು, ಇರುವುದನ್ನು ಬಳಸುವುದು, ಅದನ್ನು ಉಳಿಸಿಕೊಳ್ಳುವುದು, ಹಳತಾದದ್ದನ್ನು ಏನು ಮಾಡಬೇಕೆಂದು ನೋಡುವುದು, ನಾಲ್ಕೂ ಅದರಲ್ಲಿವೆ. ನಮ್ಮ ಹಳೆಯ ನಕ್ಷೆಗೆ ಆ ನಾಲ್ಕನೆಯದು ಎಷ್ಟು ಬೇಕಿತ್ತು!

ಬರೆದಿಡದೆ ಕೆಟ್ಟವರಲ್ಲಿ ದೊಡ್ಡವರೂ ಇದ್ದಾರೆ. ಅಮೆರಿಕದ ಅಣ್ವಸ್ತ್ರಗಳಲ್ಲಿ ಫಾಗ್‌ಬ್ಯಾಂಕ್ ಎಂಬ ವಸ್ತು ಬಳಸುತ್ತಾರೆ. 1980ರ ದಶಕದ ಕೊನೆಗೆ ಅದರ ತಯಾರಿಕೆ ನಿಂತಿತು. 2000ರ ನಂತರ ಮತ್ತೆ ಬೇಕಾದಾಗ ಸರಿಯಾದ ದಾಖಲೆಗಳಿರಲಿಲ್ಲ. ತಯಾರಿಸಿದವರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದರು ಇಲ್ಲವೇ ಕೆಲಸ ಬಿಟ್ಟಿದ್ದರು. ವರ್ಷಗಟ್ಟಲೆ ತಡ, ಕೋಟ್ಯಂತರ ಡಾಲರ್ ಖರ್ಚು.

ಕೈಯ ಕೆಲಸ ಬರೆದರೆ ಬರುವುದಿಲ್ಲ ಅನ್ನುವವರಿದ್ದಾರೆ. ಅವರಲ್ಲಿ ಬಹಳ ಮಂದಿಗೆ ಬರೆಯುವುದೇ ಬೇಸರ, ಅಷ್ಟೇ. ಚೌಕಟ್ಟೆಂದರೆ ಬರೀ ಬರಹವೂ ಅಲ್ಲ. ಜಪಾನಿನ ನಿರ್ವಹಣಾ ವಿದ್ವಾಂಸ ಇಕುಜಿರೊ ನೊನಾಕ ಕೊಟ್ಟ ಪ್ರಸಿದ್ಧ ಚೌಕಟ್ಟು ಶುರುವಾಗುವುದೇ ಜೊತೆಯಲ್ಲಿದ್ದು ಕಲಿಯುವುದರಿಂದ. ಅವರು ಹೇಳುವ ಉದಾಹರಣೆ ನೋಡಿ. ಮತ್ಸುಶಿತಾ ಕಂಪನಿಯ ಬ್ರೆಡ್ ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಆಗ ಕಂಪನಿಯ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಒಸಾಕಾದ ಹೋಟೆಲಿನ ಬೇಕರಿ ಮುಖ್ಯಸ್ಥರ ಕೈಕೆಳಗೆ ಕೆಲಸ ಕಲಿತರು. ಆ ಮುಖ್ಯಸ್ಥರು ಹಿಟ್ಟನ್ನು ತಿರುಚಿ ಎಳೆಯುವ ರೀತಿಯನ್ನು ಗಮನಿಸಿದರು. ಆಮೇಲೆ ಎಂಜಿನಿಯರ್‌ಗಳು ಅದನ್ನೇ ಯಂತ್ರಕ್ಕೆ ತಂದರು.

ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಪ್ರತಿ ವಾಲ್ವ್‌ಮನ್ ಜೊತೆಗೂ ಒಬ್ಬ ಕಿರಿಯನನ್ನು ಹಾಕಿ. ಇಬ್ಬರೂ ಊರೆಲ್ಲ ನಡೆಯಲಿ, ನಕ್ಷೆ ತಿದ್ದಲಿ. ಆ ನಕ್ಷೆಗೆ ಸಹಿ ಬೀಳದೆ ನಿವೃತ್ತಿಯ ಸಮಾರಂಭ ಬೇಡ.

ವಿರೋಧ: ಬರೆದದ್ದನ್ನು ಓದುವವರು ಯಾರು?

ಈ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ಬರೆದಿಡುವುದೇ ತಪ್ಪು ಎಂದು ನಾನು ಹೇಳಲಾರೆ. ಚೌಕಟ್ಟಿನ ಮೇಲೆ ಇಷ್ಟೊಂದು ಭರವಸೆ ಬೇಡ ಎಂದು ಮಾತ್ರ ಹೇಳಬಲ್ಲೆ.

ಎಲ್ಲವನ್ನೂ ಫಾರಂಗೆ ಇಳಿಸಿದರೆ ಕೆಲಸ ಮುಗಿಯಿತು ಎಂದು ಪರವಾದಿಗಳು ನಂಬುತ್ತಾರೆ. ಬೆಂಗಳೂರಿನ ಇನ್ಫೋಸಿಸ್ ಕಥೆ ಬೇರೆಯೇ ಹೇಳುತ್ತದೆ. ಅಲ್ಲಿ ಕೆ-ಶಾಪ್ ಎಂಬ ಒಳ್ಳೆಯ ವ್ಯವಸ್ಥೆ ಮಾಡಿದರು. ತಾವು ಕಲಿತದ್ದನ್ನು ಬರೆದು ಹಾಕಿದವರಿಗೆ ಅಂಕ ಕೊಟ್ಟರು, ಅಂಕಕ್ಕೆ ಬಹುಮಾನ ಇಟ್ಟರು. ಬರಹಗಳು ರಾಶಿ ಬಿದ್ದವು. ಆದರೆ ಗುಣಮಟ್ಟದ ಚಿಂತೆ ಶುರುವಾಯಿತು. ಬೇಕಾದದ್ದನ್ನು ಆ ರಾಶಿಯಲ್ಲಿ ಹುಡುಕುವುದೇ ಕಷ್ಟವಾಯಿತು. ಕೊನೆಗೆ ಅಂಕದ ಪದ್ಧತಿಯನ್ನೇ ಬದಲಿಸಬೇಕಾಯಿತು. ಆ ಸಂಸ್ಥೆಯೇ ಅದನ್ನು ಕಂಡು ಸರಿಪಡಿಸಿಕೊಂಡಿತು ಎಂಬುದನ್ನೂ ಹೇಳಬೇಕು. ಎಲ್ಲರೂ ಹಾಗೆ ಮಾಡುವುದಿಲ್ಲ.

ನಾಸಾದಲ್ಲಿ ಕಲಿತ ಪಾಠಗಳ ದೊಡ್ಡ ಭಂಡಾರವೇ ಇತ್ತು. ಪಾಠಗಳನ್ನು ಸೇರಿಸುವುದೂ ಹಂಚುವುದೂ ಅಲ್ಲಿ ರೂಢಿಯಾಗಿಲ್ಲ ಎಂದು 2002ರ ಜನವರಿಯಲ್ಲಿ ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣೆ ಕಚೇರಿ ವರದಿ ಮಾಡಿತು. ಮರುವರ್ಷ ಫೆಬ್ರುವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಒಡೆದು 7 ಮಂದಿ ಸತ್ತರು. ಇಂಧನ ತೊಟ್ಟಿಗೆ ಹೊದಿಸಿದ ಗಟ್ಟಿ ನೊರೆಯ ತುಂಡು ಕಳಚಿ ನೌಕೆಗೆ ಬಡಿದದ್ದೇ ಅದಕ್ಕೆ ಕಾರಣ; ಹಾಗೆ ಬಡಿಯುವುದು ಹಿಂದಿನ ಹಾರಾಟಗಳಲ್ಲೇ ದಾಖಲಾಗಿತ್ತು. ಕಾಗದದಲ್ಲಿ ಕೊರತೆ ಇರಲಿಲ್ಲ.

ಈ ಚರ್ಚೆ ಬಂದಾಗಲೆಲ್ಲ ಫಾಗ್‌ಬ್ಯಾಂಕ್ ಹೆಸರು ಬರುತ್ತದೆ. ಅದರ ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ. ಹಳೆಯ ವಿಧಾನದಲ್ಲಿ ಕಚ್ಚಾವಸ್ತುವಿನ ಜೊತೆ ಒಂದು ಕಲ್ಮಶ ಸೇರುತ್ತಿತ್ತು. ವಸ್ತು ಸರಿಯಾಗಿ ಬರುತ್ತಿದ್ದದ್ದು ಅದರಿಂದಲೇ. ಹೊಸ ಕಾರ್ಖಾನೆಯಲ್ಲಿ ಶುದ್ಧೀಕರಣ ಚೆನ್ನಾಗಿತ್ತು, ಹಾಗಾಗಿ ಆ ಕಲ್ಮಶವೇ ಹೋಯಿತು. ಹಳಬರಿಗೂ ಈ ಗುಟ್ಟು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾವ ಫಾರಂನಲ್ಲಿ ಬರೆಯುತ್ತಿದ್ದರು?

ಸಣ್ಣ ಕಚೇರಿಗಂತೂ ಇದ್ಯಾವುದೂ ಬೇಡ. ಎದ್ದು ಹೋಗಿ ಪಕ್ಕದ ಮೇಜಿನವರನ್ನು ಕೇಳಿದರೆ ಸಾಕು ಅಲ್ವಾ? ಸಾವಿರಾರು ಜನರಿರುವ ಕಡೆ ಏನಾದರೂ ಬೇಕಾದೀತು, ಅದನ್ನು ಒಪ್ಪುತ್ತೇನೆ. ಅಲ್ಲಿಯೂ ಯಾರು ಎಷ್ಟು ಪುಟ ಬರೆದರು ಎಂಬ ಲೆಕ್ಕವನ್ನು ಬಡ್ತಿಗೆ ಸೇರಿಸಬೇಡಿ.